ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೆರವಿನ ಹಣ ಯಾರಿಗೆ ಹೋಗುತ್ತದೆ?

2025ರ ಜುಲೈ 4ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತೆರಿಗೆ ಮತ್ತು ಸರ್ಕಾರಿ ಖರ್ಚಿನ ಒಂದು ದೊಡ್ಡ ಕಾಯ್ದೆಗೆ ಸಹಿ ಹಾಕಿದರು. ಕಾಲೇಜು ವಿದ್ಯಾರ್ಥಿಗಳಿಗೆ ಸಿಗುವ ಹಣಕಾಸಿನ ನೆರವಿನ ನಿಯಮಗಳೂ ಅದರಲ್ಲೇ ಬದಲಾದವು. ಬಹುಪಾಲು ಬದಲಾವಣೆಗಳಿಗೆ ಜಾರಿಯ ದಿನ 2026ರ ಜುಲೈ 1.

ಸುದ್ದಿ ಓದಿದವರಿಗೆ ಗೊಂದಲ ಆದದ್ದು ಸಹಜ. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರ್ಯಾಂಟ್ ಉಳಿಯಿತು ಎಂದು ಒಂದು ಕಡೆ ಬಂತು. ಕೆಲವರಿಗೆ ಅದು ನಿಲ್ಲುತ್ತದೆ ಎಂದು ಇನ್ನೊಂದು ಕಡೆ ಬಂತು. ಪೋಷಕರು ತೆಗೆದುಕೊಳ್ಳುವ ಸಾಲಕ್ಕೆ ಮಿತಿ ಬಂದದ್ದನ್ನು ಕೆಲವರು ಬಡ ಕುಟುಂಬಗಳ ಮೇಲಿನ ಏಟು ಎಂದರು. ಇನ್ನು ಕೆಲವರು ಸಾಲದ ಸುಳಿಯಿಂದ ಪಾರು ಮಾಡುವ ಕ್ರಮ ಎಂದರು. ಈ ಮಾತುಗಳಲ್ಲಿ ಯಾವುದೂ ಸುಳ್ಳಲ್ಲ. ಒಬ್ಬ ವಿದ್ಯಾರ್ಥಿಯ ಕೈಗೆ ಬರುವ ನೆರವು ನಾಲ್ಕು ಬೇರೆ ಬೇರೆ ಕಡೆಯಿಂದ ಬರುತ್ತದೆ. ಒಂದೊಂದಕ್ಕೂ ಬೇರೆ ಉದ್ದೇಶ, ಬೇರೆ ನಿಯಮ. ಒಂದು ಕಡೆ ಬದಲಾದರೆ ಉಳಿದ ಮೂರು ಕಡೆಯೂ ಅಲುಗಾಡುತ್ತದೆ. ಹಾಗಾಗಿ ಹೊಸ ಕಾಯ್ದೆ ಅರ್ಥವಾಗಬೇಕಾದರೆ ಈಗಿರುವ ಹಂಚಿಕೆ ಹೇಗಿದೆ ಎಂದು ಮೊದಲು ನೋಡಬೇಕು.

ಶುಲ್ಕ ಚಿಕ್ಕದು, ಖರ್ಚು ದೊಡ್ಡದು

ಕಾಲೇಜ್ ಬೋರ್ಡ್ ಸಂಸ್ಥೆ ಪ್ರತಿ ವರ್ಷ ಕಾಲೇಜುಗಳ ಸರಾಸರಿ ಬೆಲೆ ಪ್ರಕಟಿಸುತ್ತದೆ. ಅದರ ಪ್ರಕಾರ 2024-25ರಲ್ಲಿ ನಾಲ್ಕು ವರ್ಷದ ಪದವಿ ಕೊಡುವ ಸರ್ಕಾರಿ ಸಂಸ್ಥೆಗಳಲ್ಲಿ ಅದೇ ರಾಜ್ಯದ ವಿದ್ಯಾರ್ಥಿಯ ಸರಾಸರಿ ಶುಲ್ಕ ವರ್ಷಕ್ಕೆ 11,610 ಡಾಲರ್. ಬೇರೆ ರಾಜ್ಯದಿಂದ ಬಂದವರಿಗೆ 30,780 ಡಾಲರ್. ರಾಜ್ಯದ ತೆರಿಗೆ ಹಣದಿಂದ ನಡೆಯುವ ಸಂಸ್ಥೆಗಳಾದ್ದರಿಂದ ಸ್ವಂತ ರಾಜ್ಯದವರಿಗೆ ಕಡಿಮೆ ದರ.

ಆದರೆ ಶುಲ್ಕ ಕಟ್ಟಿದ ಮಾತ್ರಕ್ಕೆ ಓದು ಮುಗಿಯುವುದಿಲ್ಲ. ವಸತಿ, ಊಟ, ಪುಸ್ತಕ, ಓಡಾಟ ಎಲ್ಲ ಸೇರಿದರೆ ಅದೇ ರಾಜ್ಯದ ವಿದ್ಯಾರ್ಥಿಗೂ ವರ್ಷದ ಖರ್ಚು ಸುಮಾರು 29,910 ಡಾಲರ್ ಆಗುತ್ತದೆ. ಅಂದರೆ ಶುಲ್ಕದ ಪಾಲು ಅರ್ಧಕ್ಕಿಂತಲೂ ಕಡಿಮೆ. ಮುಂದೆ ಬರುವ ಹೆಚ್ಚಿನ ಸಮಸ್ಯೆಗಳಿಗೆ ಬೇರು ಇಲ್ಲೇ ಇದೆ. ರಾಜಕಾರಣಿಗಳು ‘ಉಚಿತ ಕಾಲೇಜು’ ಅಂದಾಗ ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿ ಇರುವುದು ಶುಲ್ಕ. ಬಡ ವಿದ್ಯಾರ್ಥಿಯನ್ನು ನಿಜವಾಗಿ ಕಾಡುವುದು ಬಾಡಿಗೆ ಮತ್ತು ಊಟ.

ಹಣ ಬರುವ ನಾಲ್ಕು ದಾರಿ

ಮೊದಲನೆಯದು ಕೇಂದ್ರ ಸರ್ಕಾರ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. 1972ರಲ್ಲಿ ಆ ಕಾಯ್ದೆಗೆ ಒಂದು ಹೊಸ ಅನುದಾನ ಸೇರಿತು. ರೋಡ್ ಐಲೆಂಡ್‌ನ ಸೆನೆಟರ್ ಕ್ಲೈಬೋರ್ನ್ ಪೆಲ್ ಅದರ ಹಿಂದೆ ನಿಂತಿದ್ದರಿಂದ 1980ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಇದು ವಾಪಸ್ ಕೊಡಬೇಕಿಲ್ಲದ ಹಣ. ಕುಟುಂಬದ ಆದಾಯ ಕಡಿಮೆ ಇದ್ದಷ್ಟೂ ಜಾಸ್ತಿ ಸಿಗುತ್ತದೆ. ವಿದ್ಯಾರ್ಥಿ ಯಾವ ಕಾಲೇಜಿಗೆ ಹೋದರೂ ಅದು ಅವನ ಜೊತೆಗೇ ಹೋಗುತ್ತದೆ.

ಈ ವ್ಯವಸ್ಥೆಯ ಬೆನ್ನೆಲುಬು ಪೆಲ್. ಆದರೆ ಬೆನ್ನೆಲುಬು ಸವೆದಿದೆ. 1970ರ ದಶಕದ ನಡುವಿನಲ್ಲಿ ಗರಿಷ್ಠ ಪೆಲ್ ಮೊತ್ತ ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ, ವಸತಿ, ಊಟದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಭರಿಸುತ್ತಿತ್ತು. 2023-24ರಿಂದ 2025-26ರವರೆಗೆ ಗರಿಷ್ಠ ಮೊತ್ತ 7,395 ಡಾಲರ್‌ನಲ್ಲೇ ನಿಂತಿತು. ಮೇಲೆ ಹೇಳಿದ 29,910 ಡಾಲರ್ ಮುಂದೆ ಇಟ್ಟು ನೋಡಿದರೆ ಇದು ಕಾಲು ಭಾಗಕ್ಕೂ ಸ್ವಲ್ಪ ಕಡಿಮೆ. ಉಳಿದ ಮುಕ್ಕಾಲು ಭಾಗ ಎಲ್ಲಿಂದ ಬರಬೇಕು ಎಂಬುದೇ ಈಗಿನ ಪ್ರಶ್ನೆ.

ಎರಡನೆಯದು ರಾಜ್ಯ ಸರ್ಕಾರ. ಕೆಲವು ರಾಜ್ಯಗಳು ಆದಾಯ ನೋಡಿ ಕೊಡುತ್ತವೆ, ಕೆಲವು ಅಂಕ ನೋಡಿ. ಮೂರನೆಯದು ವಿಶ್ವವಿದ್ಯಾಲಯ ತನ್ನದೇ ಹಣದಿಂದ ಕೊಡುವ ಸ್ಕಾಲರ್‌ಶಿಪ್ ಅಥವಾ ಶುಲ್ಕ ರಿಯಾಯಿತಿ. ನಾಲ್ಕನೆಯದು ಸಾಲ. ಪೋಷಕರನ್ನು ಅವಲಂಬಿಸಿದ ವಿದ್ಯಾರ್ಥಿ ಮೊದಲ ವರ್ಷ ತನ್ನ ಹೆಸರಿನಲ್ಲಿ 5,500 ಡಾಲರ್‌ವರೆಗೆ, ಇಡೀ ಪದವಿಗೆ ಒಟ್ಟು 31,000 ಡಾಲರ್‌ವರೆಗೆ ಕೇಂದ್ರದ ಸಾಲ ಪಡೆಯಬಹುದು. ಅದೂ ಸಾಕಾಗದಿದ್ದಾಗ ಅಪ್ಪ ಅಮ್ಮ ‘ಪೇರೆಂಟ್ ಪ್ಲಸ್’ ಸಾಲಕ್ಕೆ ಕೈ ಹಾಕುತ್ತಾರೆ. ಕ್ಯಾಂಪಸ್‌ನಲ್ಲೇ ಕೆಲಸ ಮಾಡಿ ಗಳಿಸುವ ಯೋಜನೆಯೂ ಇದೆ, ಆದರೆ ಅದರ ಮೊತ್ತ ಚಿಕ್ಕದು.

ಅಗತ್ಯ ಅಳೆಯುವ ಅರ್ಜಿ

ಯಾರಿಗೆ ಎಷ್ಟು ಬೇಕು ಎಂದು ತಿಳಿಯಲು ಫಾಫ್ಸಾ ಎಂಬ ಒಂದೇ ಅರ್ಜಿ ಇದೆ. ಕೇಂದ್ರದ ನೆರವಿಗೆ ಇದು ಬೇಕೇ ಬೇಕು. ಬಹುಪಾಲು ರಾಜ್ಯಗಳೂ ವಿಶ್ವವಿದ್ಯಾಲಯಗಳೂ ಇದೇ ಮಾಹಿತಿ ಬಳಸುತ್ತವೆ. ಕುಟುಂಬದ ಆದಾಯ, ಆಸ್ತಿ, ಮನೆಮಂದಿಯ ಸಂಖ್ಯೆ ನೋಡಿ ಒಂದು ಸೂಚ್ಯಂಕ ತೆಗೆಯುತ್ತಾರೆ. ಅದು ಚಿಕ್ಕದಿದ್ದಷ್ಟೂ ಅಗತ್ಯ ದೊಡ್ಡದು. ತೀರಾ ಕಷ್ಟದಲ್ಲಿರುವವರನ್ನು ಗುರುತಿಸಲು ಈಗ ಅದು ಸೊನ್ನೆಗಿಂತ ಕೆಳಗೆ, ಮೈನಸ್ 1,500ರವರೆಗೂ ಇಳಿಯಬಹುದು.

ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದ ಈ ಅರ್ಜಿಯನ್ನು ಸರಳ ಮಾಡಬೇಕೆಂದು 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿತು. ಉದ್ದೇಶ ಒಳ್ಳೆಯದೇ. ಜಾರಿ ಮಾತ್ರ ಕೈಕೊಟ್ಟಿತು. ಅಕ್ಟೋಬರ್ 1ಕ್ಕೆ ಬರಬೇಕಿದ್ದ ಹೊಸ ಅರ್ಜಿ 2023ರ ಡಿಸೆಂಬರ್ ಕೊನೆಗೆ ತೆರೆಯಿತು. ಬೆಲೆ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯದ ತಪ್ಪಿನಿಂದ ಸುಮಾರು 1.8 ಬಿಲಿಯನ್ ಡಾಲರ್ ನೆರವು ಕಡಿಮೆ ತೋರಿಸುತ್ತಿತ್ತು. ಅದನ್ನು ಸರಿಪಡಿಸಬೇಕಾಯಿತು. ಪೋಷಕರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದ ವಿದ್ಯಾರ್ಥಿಗಳು ಅರ್ಜಿ ಪೂರ್ತಿ ಮಾಡಲಾಗದೆ ಸಿಕ್ಕಿಕೊಂಡರು. ಕಾಲೇಜುಗಳಿಗೆ ಮಾಹಿತಿ ತಲುಪಲು 2024ರ ಮಾರ್ಚ್ ಬಂತು. ಪಶ್ಚಿಮ ವರ್ಜೀನಿಯಾದ ಗವರ್ನರ್ ಈ ಅರ್ಜಿಯ ಕಾರಣಕ್ಕಾಗಿಯೇ ತುರ್ತು ಪರಿಸ್ಥಿತಿ ಘೋಷಿಸಿ, ರಾಜ್ಯದ ಸ್ಕಾಲರ್‌ಶಿಪ್‌ಗೆ ಫಾಫ್ಸಾ ಬೇಕೆಂಬ ಷರತ್ತನ್ನು ಆ ವರ್ಷಕ್ಕೆ ಕೈಬಿಟ್ಟರು.

ಈ ತಡದ ಪೆಟ್ಟು ಎಲ್ಲರಿಗೂ ಒಂದೇ ತರ ಬೀಳಲಿಲ್ಲ ಎಂಬುದನ್ನು ಗಮನಿಸಬೇಕು. ಹಣವಿದ್ದ ಮನೆಯ ಮಕ್ಕಳು ನೆರವಿನ ಪತ್ರ ಬರದಿದ್ದರೂ ಸೀಟು ಕಾಯ್ದಿರಿಸಬಹುದು. ಎಷ್ಟು ನೆರವು ಸಿಗುತ್ತದೆ ಎಂದು ಗೊತ್ತಾಗದೆ ಹೆಜ್ಜೆ ಇಡಲಾಗದವರು ಬಡವರೇ. ಊಟ ಮುಗಿದ ಮೇಲೆ ಉಪ್ಪಿನಕಾಯಿ ಬಂದ ಹಾಗೆ, ಮೊತ್ತ ಸರಿಯಾಗಿದ್ದರೂ ಹೊತ್ತು ಮೀರಿ ಬಂದ ನೆರವು ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಹೊಸ ಲೆಕ್ಕದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಒಂದೇ ಮನೆಯ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಕುಟುಂಬದ ಪಾಲನ್ನು ಇಬ್ಬರಿಗೂ ಹಂಚಿ ಲೆಕ್ಕ ಹಾಕುತ್ತಿದ್ದರು. ಈಗ ಆ ಹಂಚಿಕೆ ಇಲ್ಲ. ಮಧ್ಯಮ ವರ್ಗದ ಮನೆಗಳಿಗೆ ಇದರಿಂದ ಸಾಕಷ್ಟು ನಷ್ಟವಾಗಿದೆ.

ಅಂಕಕ್ಕೆ ಕೊಟ್ಟರೆ ಯಾರಿಗೆ ಸಿಗುತ್ತದೆ?

ರಾಜ್ಯಗಳ ಕತೆಗೆ ಜಾರ್ಜಿಯಾ ಒಳ್ಳೆಯ ಉದಾಹರಣೆ. ಗವರ್ನರ್ ಜೆಲ್ ಮಿಲ್ಲರ್ 1993ರಲ್ಲಿ ಲಾಟರಿ ಹಣದಿಂದ ಹೋಪ್ ಸ್ಕಾಲರ್‌ಶಿಪ್ ಶುರು ಮಾಡಿದರು. ಪ್ರೌಢಶಾಲೆಯಲ್ಲಿ ನಾಲ್ಕಕ್ಕೆ ಸರಾಸರಿ 3.0 ಗ್ರೇಡ್ ಇದ್ದವರಿಗೆ ಶುಲ್ಕದ ನೆರವು. ಮೊದಲ ವರ್ಷ ಕುಟುಂಬದ ಆದಾಯ 66,000 ಡಾಲರ್ ಮೀರಬಾರದು ಎಂಬ ಷರತ್ತು ಇತ್ತು. ಆಮೇಲೆ ಅದು 1,00,000 ಡಾಲರ್ ಆಯಿತು. 1995ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಫ್ಲಾರಿಡಾ 1997ರಲ್ಲಿ ಇದೇ ದಾರಿ ಹಿಡಿಯಿತು.

ಇದನ್ನು ಬೆಂಬಲಿಸುವವರ ವಾದದಲ್ಲಿ ತೂಕವಿದೆ. ನಿಯಮ ಸರಳ. ಚೆನ್ನಾಗಿ ಓದಿದರೆ ಹಣ ಸಿಗುತ್ತದೆ ಎಂದು ಎಂಟನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಜಾಣ ಮಕ್ಕಳು ರಾಜ್ಯ ಬಿಟ್ಟು ಹೋಗುವುದಿಲ್ಲ. ಮಧ್ಯಮ ವರ್ಗಕ್ಕೂ ಲಾಭ ಇರುವುದರಿಂದ ಯೋಜನೆಯ ಮೇಲೆ ಯಾವ ಸರ್ಕಾರವೂ ಸುಲಭವಾಗಿ ಕತ್ತರಿ ಹಾಕಲಾರದು.

ಆದರೆ ಅಂಕ ಬರೀ ಶ್ರಮದಿಂದ ಬರುವುದಿಲ್ಲ ಅಲ್ವಾ? ಒಳ್ಳೆಯ ಶಾಲೆ, ಟ್ಯೂಷನ್, ಓದಲು ಸದ್ದಿಲ್ಲದ ಕೋಣೆ, ಸಂಜೆ ಕೆಲಸಕ್ಕೆ ಹೋಗಬೇಕಾದ ಒತ್ತಡ ಇಲ್ಲದಿರುವುದು, ಇವೆಲ್ಲ ಅಂಕಕ್ಕೆ ಸೇರುತ್ತವೆ. ಇವೆಲ್ಲ ಹಣವಿದ್ದ ಮನೆಯಲ್ಲಿ ಹೆಚ್ಚು. ಹಾಗಾಗಿ ಅಂಕ ನೋಡಿ ಕೊಟ್ಟ ಹಣ ಸರಾಸರಿಯಲ್ಲಿ ಮೇಲಿನ ಆದಾಯದವರ ಕಡೆ ವಾಲುತ್ತದೆ. ಲಾಟರಿ ಟಿಕೆಟ್ ಕೊಳ್ಳುವವರಲ್ಲಿ ಕಡಿಮೆ ಆದಾಯದವರೇ ತಮ್ಮ ಗಳಿಕೆಯ ಹೆಚ್ಚಿನ ಪಾಲು ಹಾಕುತ್ತಾರೆ. ಅವರ ಹಣದಿಂದ, ನೆರವಿಲ್ಲದೆಯೂ ಕಾಲೇಜಿಗೆ ಹೋಗುತ್ತಿದ್ದ ಮಕ್ಕಳ ಶುಲ್ಕ ಕಟ್ಟಿದಂತಾಗುತ್ತದೆ. ಇದನ್ನು ನ್ಯಾಯ ಎನ್ನುವುದು ಕಷ್ಟ.

ರಿಯಾಯಿತಿಯ ಲೆಕ್ಕಾಚಾರ

ಇಡೀ ವ್ಯವಸ್ಥೆಯಲ್ಲಿ ಹೊರಗಿನವರಿಗೆ ಅತಿ ಕಡಿಮೆ ಗೊತ್ತಿರುವುದು ವಿಶ್ವವಿದ್ಯಾಲಯಗಳು ತಾವೇ ಹಂಚುವ ಹಣದ ಬಗ್ಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ವಿಶ್ವವಿದ್ಯಾಲಯದ ಕೈಯಲ್ಲಿ 20,000 ಡಾಲರ್ ಇದೆ ಎಂದುಕೊಳ್ಳಿ. ಅದನ್ನು ಏನೂ ಕಟ್ಟಲಾಗದ ಒಬ್ಬ ಬಡ ವಿದ್ಯಾರ್ಥಿನಿಗೆ ಪೂರ್ತಿ ಕೊಡಬಹುದು. ಅವಳು ಓದುತ್ತಾಳೆ. ಆದರೆ ಸಂಸ್ಥೆಗೆ ಶುಲ್ಕದ ಆದಾಯ ಬರುವುದಿಲ್ಲ. ಇಲ್ಲವೇ ಅದೇ ಹಣವನ್ನು ಹೊರರಾಜ್ಯದ ನಾಲ್ವರು ಅನುಕೂಲಸ್ಥ ಮಕ್ಕಳಿಗೆ ತಲಾ 5,000 ಡಾಲರ್ ‘ಪ್ರತಿಭಾ ಸ್ಕಾಲರ್‌ಶಿಪ್’ ಎಂದು ಕೊಡಬಹುದು. ಹೊರರಾಜ್ಯದ ಶುಲ್ಕ 30,000 ಡಾಲರ್ ಇದ್ದರೆ, ರಿಯಾಯಿತಿ ಕಳೆದರೂ ಒಬ್ಬೊಬ್ಬರಿಂದ 25,000 ಡಾಲರ್ ಬರುತ್ತದೆ. ನಾಲ್ವರಿಂದ ಒಂದು ಲಕ್ಷ. ಜೊತೆಗೆ ಅವರ ಅಂಕಗಳಿಂದ ಸಂಸ್ಥೆಯ ಸರಾಸರಿ ಏರುತ್ತದೆ. ಮಗುವನ್ನು ಆರಿಸಿ ಕರೆದರು ಎಂಬ ಹೆಮ್ಮೆ ಮನೆಯವರಿಗೂ ಸಿಗುತ್ತದೆ.

ಕಾಗದದ ಮೇಲೆ ಎರಡನ್ನೂ ‘ವಿದ್ಯಾರ್ಥಿ ನೆರವು’ ಎಂದೇ ಬರೆಯುತ್ತಾರೆ. ಮೊದಲನೆಯದು ಓದಲು ಆಗದವಳಿಗೆ ಓದುವ ದಾರಿ ಮಾಡಿಕೊಡುತ್ತದೆ. ಎರಡನೆಯದು ಎಲ್ಲಾದರೂ ಓದುತ್ತಿದ್ದವರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಸರ್ಕಾರಿ ಸಂಸ್ಥೆಗಳು ಈ ದಾರಿಗೆ ಯಾಕೆ ಬಂದವು? ರಾಜ್ಯಗಳ ಬಜೆಟ್‌ನಲ್ಲಿ ಹಣ ಕಡಿಮೆಯಾದಾಗ ಉನ್ನತ ಶಿಕ್ಷಣಕ್ಕೆ ಮೊದಲು ಕತ್ತರಿ ಬೀಳುತ್ತದೆ. ಜೈಲು, ಆರೋಗ್ಯ, ಶಾಲೆಗಳಿಗೆ ಬೇರೆ ಆದಾಯ ಇಲ್ಲ. ವಿಶ್ವವಿದ್ಯಾಲಯಕ್ಕೆ ಶುಲ್ಕ ಏರಿಸುವ ದಾರಿ ಇದೆ ಎಂಬುದು ಶಾಸಕರ ಲೆಕ್ಕ. 2008ರ ಆರ್ಥಿಕ ಕುಸಿತದ ನಂತರ ಹಲವು ರಾಜ್ಯಗಳಲ್ಲಿ ಹೀಗೇ ಆಯಿತು. ಕೈಬಿಟ್ಟು ಹೋದ ಹಣವನ್ನು ಹೊರರಾಜ್ಯದ ವಿದ್ಯಾರ್ಥಿಗಳ ಶುಲ್ಕದಿಂದ ತುಂಬಿಕೊಳ್ಳಲು ಸಂಸ್ಥೆಗಳು ಹೊರಟವು. ಒಬ್ಬರು ರಿಯಾಯಿತಿ ಕೊಟ್ಟರೆ ಪಕ್ಕದ ರಾಜ್ಯದವರೂ ಕೊಡಲೇಬೇಕು, ಇಲ್ಲದಿದ್ದರೆ ತಮ್ಮ ಮಕ್ಕಳೇ ಅತ್ತ ಹೋಗುತ್ತಾರೆ. ಅಲಬಾಮಾ ವಿಶ್ವವಿದ್ಯಾಲಯ ಅಂಕಕ್ಕೆ ತಕ್ಕ ಉದಾರ ರಿಯಾಯಿತಿ ಕೊಟ್ಟು ಎಷ್ಟು ಬೆಳೆಯಿತೆಂದರೆ, ಅಲ್ಲಿನ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರರಾಜ್ಯದವರಾದರು.

ನ್ಯೂ ಅಮೆರಿಕ ಎಂಬ ಚಿಂತನ ಸಂಸ್ಥೆ 339 ಸರ್ಕಾರಿ ವಿಶ್ವವಿದ್ಯಾಲಯಗಳ ಲೆಕ್ಕ ತೆಗೆದು ನೋಡಿತು. 2001ರಿಂದ 2017ರವರೆಗೆ ಇವು ತಮ್ಮ ಸ್ವಂತ ನೆರವಿನ ಹಣದಲ್ಲಿ ಸುಮಾರು 32 ಬಿಲಿಯನ್ ಡಾಲರನ್ನು ಹಣಕಾಸಿನ ಅಗತ್ಯವೇ ಇಲ್ಲದ ವಿದ್ಯಾರ್ಥಿಗಳಿಗೆ ಕೊಟ್ಟಿದ್ದವು. ಅಂದರೆ ಪ್ರತಿ ಐದು ಡಾಲರಿನಲ್ಲಿ ಸುಮಾರು ಎರಡು ಡಾಲರ್.

ವಿಶ್ವವಿದ್ಯಾಲಯಗಳ ಉತ್ತರವನ್ನೂ ಕೇಳಬೇಕು. ಹೊರರಾಜ್ಯದವರಿಂದ ಬರುವ ಹೆಚ್ಚಿನ ಶುಲ್ಕವೇ ನಮ್ಮ ರಾಜ್ಯದ ಮಕ್ಕಳ ಶುಲ್ಕವನ್ನು ಕೆಳಗೆ ಹಿಡಿದಿದೆ, ಆ ಹಣ ನಿಂತರೆ ಅಧ್ಯಾಪಕರನ್ನೂ ತರಗತಿಗಳನ್ನೂ ಕಡಿಮೆ ಮಾಡಬೇಕಾಗುತ್ತದೆ ಎನ್ನುತ್ತವೆ ಅವು. ಒಂದೊಂದು ಸಂಸ್ಥೆಯ ಒಳಗೆ ನಿಂತು ನೋಡಿದರೆ ಈ ಮಾತು ಸರಿ. ಆದರೆ ಎಲ್ಲರೂ ಸೇರಿ ಇದನ್ನೇ ಮಾಡಿದಾಗ ಒಂದು ರಾಜ್ಯದ ಅನುಕೂಲಸ್ಥರ ಮಕ್ಕಳು ಇನ್ನೊಂದು ರಾಜ್ಯಕ್ಕೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ಈ ಅದಲು ಬದಲಿಗೆ ನೆರವಿನ ಹಣ ಖರ್ಚಾಗುತ್ತದೆ. ಒಟ್ಟು ಓದುವವರ ಸಂಖ್ಯೆ ಅದರಿಂದ ಹೆಚ್ಚಾಗುವುದಿಲ್ಲ.

ಒಬ್ಬರ ಶುಲ್ಕದಿಂದ ಇನ್ನೊಬ್ಬರಿಗೆ

ಅಗತ್ಯ ನೋಡಿ ಕೊಡುವ ಹಣ ಎಲ್ಲಿಂದ ಬರಬೇಕು ಎಂಬುದರ ಮೇಲೂ ಜಗಳ ಇದೆ. ಹಲವು ಕಡೆ ಶುಲ್ಕದ ಒಂದು ಪಾಲನ್ನು ಎತ್ತಿಟ್ಟು ಬಡ ವಿದ್ಯಾರ್ಥಿಗಳಿಗೆ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬಹುಕಾಲ ಶುಲ್ಕದ ಸುಮಾರು ಮೂರನೇ ಒಂದು ಭಾಗವನ್ನು ಹೀಗೆ ಬಳಸಿತು. ಪೂರ್ತಿ ಶುಲ್ಕ ಕಟ್ಟುವ ಮಧ್ಯಮ ವರ್ಗದ ಪೋಷಕರು, ನಾವೇ ಕಷ್ಟಪಟ್ಟು ಕಟ್ಟುತ್ತಿರುವಾಗ ಇನ್ನೊಬ್ಬರ ಮಗುವಿನ ಪಾಲನ್ನೂ ನಾವೇ ಯಾಕೆ ಹೊರಬೇಕು ಎಂದು ಕೇಳುತ್ತಾರೆ. ಈ ಒತ್ತಡದಿಂದಲೇ 2012ರಲ್ಲಿ ಅಯೋವಾ ಈ ಪದ್ಧತಿ ಕೊನೆಗೊಳಿಸಲು ನಿರ್ಧರಿಸಿತು. 2014ರಲ್ಲಿ ಉತ್ತರ ಕ್ಯಾರೊಲೈನಾ ಅದಕ್ಕೆ ಶೇ 15ರ ಮಿತಿ ಹಾಕಿತು.

ಪೋಷಕರ ಸಿಟ್ಟಿಗೆ ಕಾರಣವಿದೆ. ರಾಜ್ಯ ತೆರಿಗೆಯಿಂದ ಕೊಡಬೇಕಿದ್ದ ಹಣವನ್ನು ತರಗತಿಯಲ್ಲಿ ಪಕ್ಕ ಪಕ್ಕ ಕೂತ ಎರಡು ಮನೆಗಳ ನಡುವೆ ಹಂಚಲು ಬಿಟ್ಟರೆ ಮನಸ್ತಾಪ ಬರದೇ ಇರುತ್ತದೆಯೇ? ಆದರೆ ಎತ್ತಿಟ್ಟ ಹಣವನ್ನು ಕಡಿಮೆ ಮಾಡಿದರೆ ಮಧ್ಯಮ ವರ್ಗಕ್ಕೆ ಉಳಿಯುವುದು ಸ್ವಲ್ಪ, ಬಡವರಿಗೆ ಆಗುವ ನಷ್ಟ ಬಹಳ.

ಮೊದಲ ಡಾಲರ್, ಕೊನೆಯ ಡಾಲರ್

ನೆರವು ಎಷ್ಟು ಎಂಬುದರಷ್ಟೇ ಮುಖ್ಯವಾದದ್ದು, ಯಾವುದನ್ನು ಮೊದಲು ಲೆಕ್ಕ ಹಾಕುತ್ತಾರೆ ಎಂಬುದು. ನ್ಯೂಯಾರ್ಕ್ 2017ರಲ್ಲಿ ಎಕ್ಸೆಲ್ಸಿಯರ್ ಸ್ಕಾಲರ್‌ಶಿಪ್ ತಂದಿತು. ವರ್ಷಕ್ಕೆ 1,00,000 ಡಾಲರ್‌ವರೆಗೆ, ಎರಡು ವರ್ಷದ ನಂತರ 1,25,000 ಡಾಲರ್‌ವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಶುಲ್ಕ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಇದು ‘ಕೊನೆಯ ಡಾಲರ್’ ಯೋಜನೆ. ಮೊದಲು ಪೆಲ್ ಮತ್ತು ರಾಜ್ಯದ ಹಳೆಯ ನೆರವನ್ನು ಶುಲ್ಕಕ್ಕೆ ಹೊಂದಿಸುತ್ತಾರೆ. ಆಮೇಲೆ ಏನಾದರೂ ಉಳಿದಿದ್ದರೆ ಮಾತ್ರ ಎಕ್ಸೆಲ್ಸಿಯರ್ ಕೊಡುತ್ತದೆ.

ಪರಿಣಾಮ ನೋಡಿ. ತೀರಾ ಬಡ ವಿದ್ಯಾರ್ಥಿಯ ಶುಲ್ಕ ಹಳೆಯ ನೆರವಿನಲ್ಲೇ ಮುಗಿದಿರುತ್ತದೆ. ಹೊಸ ಯೋಜನೆಯಿಂದ ಅವಳಿಗೆ ಏನೂ ಬರುವುದಿಲ್ಲ. ಬಾಡಿಗೆ, ಊಟದ ಖರ್ಚು ಹಾಗೇ ಉಳಿಯುತ್ತದೆ. 90,000 ಡಾಲರ್ ಆದಾಯದ ಮನೆಯ ಹುಡುಗನಿಗೆ ಪೆಲ್ ಬಹುತೇಕ ಇರುವುದಿಲ್ಲವಾದ್ದರಿಂದ ಎಕ್ಸೆಲ್ಸಿಯರ್ ಹಣ ಪೂರ್ತಿ ಸಿಗುತ್ತದೆ. ಅದರ ಮೇಲೆ ವರ್ಷಕ್ಕೆ 30 ಕ್ರೆಡಿಟ್ (ಓದಿದ ಪಾಠಗಳನ್ನು ಅಳೆಯುವ ಲೆಕ್ಕ) ಮುಗಿಸಬೇಕೆಂಬ ಷರತ್ತು ಬೇರೆ. ದುಡಿಯುತ್ತಾ ಓದುವವರು ಅದರಲ್ಲೇ ಹಿಂದೆ ಬೀಳುತ್ತಾರೆ.

ನ್ಯೂ ಮೆಕ್ಸಿಕೊ 2022ರಲ್ಲಿ ಇದನ್ನು ತಿರುಗಿಸಿ ಹಾಕಿತು. ಅಲ್ಲಿ ರಾಜ್ಯವೇ ಮೊದಲು ಶುಲ್ಕ ಕಟ್ಟುತ್ತದೆ. ಪೆಲ್ ಹಣ ವಿದ್ಯಾರ್ಥಿಯ ಕೈಯಲ್ಲೇ ಉಳಿದು ಬಾಡಿಗೆ, ಪುಸ್ತಕ, ಊಟಕ್ಕೆ ಆಗುತ್ತದೆ. ಅರೆಕಾಲಿಕವಾಗಿ ಓದುವವರಿಗೂ ವಯಸ್ಕರಿಗೂ ಅವಕಾಶ ಇದೆ. ಬೊಕ್ಕಸಕ್ಕೆ ಇದು ಭಾರ, ಸಂಶಯವಿಲ್ಲ. ಆದರೆ ಹಣ ಹೋಗಬೇಕಾದ ಕಡೆಗೇ ಹೋಗುತ್ತದೆ.

ಇದೇ ಜಾತಿಯ ಇನ್ನೊಂದು ತೊಂದರೆಯೂ ಇದೆ. ವಿದ್ಯಾರ್ಥಿನಿ ಹೊರಗಿನ ಯಾವುದೋ ಟ್ರಸ್ಟ್‌ನಿಂದ 2,000 ಡಾಲರ್ ಗೆದ್ದು ತಂದಳು ಎನ್ನಿ. ಕೆಲವು ಕಾಲೇಜುಗಳು ತಾವು ಕೊಡಬೇಕಿದ್ದ ನೆರವಿನಿಂದ ಅಷ್ಟನ್ನು ಕಳೆದುಬಿಡುತ್ತವೆ. ಅವಳು ಪಟ್ಟ ಶ್ರಮದ ಲಾಭ ಕಾಲೇಜಿಗೆ ಸೇರುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳು ಹೀಗೆ ಮಾಡದಂತೆ 2017ರಲ್ಲಿ ಮೇರಿಲ್ಯಾಂಡ್ ಮೊದಲು ಕಾನೂನು ತಂದಿತು. ಆಮೇಲೆ ಇನ್ನೂ ಕೆಲವು ರಾಜ್ಯಗಳು ಅದನ್ನು ಅನುಸರಿಸಿದವು.

ಮಾತು ಸ್ಪಷ್ಟವಾಗಿದ್ದರೆ ಏನಾಗುತ್ತದೆ

ನೆರವು ಇದ್ದರೂ ಅದು ಇದೆ ಎಂದು ತಿಳಿಯದಿದ್ದರೆ ಇಲ್ಲದ ಹಾಗೇ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಕಡಿಮೆ ಆದಾಯದ ಮನೆಗಳ ಜಾಣ ಮಕ್ಕಳಲ್ಲಿ ಕೆಲವರಿಗೆ ಒಂದು ಪತ್ರ ಹೋಯಿತು. ನಿನಗೆ ಇಲ್ಲಿ ಸೀಟು ಸಿಕ್ಕರೆ ನಾಲ್ಕು ವರ್ಷದ ಶುಲ್ಕ ಉಚಿತ, ಇದು ಖಚಿತ ಎಂಬುದು ಅದರ ಸಾರ. ಅವರಲ್ಲಿ ಹೆಚ್ಚಿನವರಿಗೆ ಅಷ್ಟು ನೆರವು ಮೊದಲೇ ಸಿಗುವುದಿತ್ತು. ಹೊಸದಾಗಿ ಸೇರಿದ್ದು ಮುಂಚಿತವಾದ, ಸ್ಪಷ್ಟವಾದ ಭರವಸೆ.

ಪತ್ರ ಸಿಗದವರಲ್ಲಿ ಶೇ 26ರಷ್ಟು ಮಕ್ಕಳು ಅರ್ಜಿ ಹಾಕಿದರು. ಸಿಕ್ಕವರಲ್ಲಿ ಶೇ 68. ಸೇರಿದವರ ಪ್ರಮಾಣ ಶೇ 12ರಿಂದ ಶೇ 27ಕ್ಕೆ ಏರಿತು. ಕುಟುಂಬಗಳನ್ನು ತಡೆಯುತ್ತಿದ್ದದ್ದು ಬೆಲೆಯ ಜೊತೆಗೆ ಬೆಲೆ ಗೊತ್ತಿಲ್ಲದ ಭಯವೂ ಹೌದು ಎಂದು ಇದರಿಂದ ತಿಳಿಯುತ್ತದೆ. 2018ರಿಂದ ಆ ವಿಶ್ವವಿದ್ಯಾಲಯ ಆದಾಯದ ಮಿತಿ ಹೇಳಿ ‘ಗೋ ಬ್ಲೂ ಗ್ಯಾರಂಟಿ’ ಎಂಬ ಹೆಸರಿನಲ್ಲಿ ಎಲ್ಲರಿಗೂ ತಿಳಿಯುವ ಭರವಸೆ ಕೊಡುತ್ತಾ ಬಂದಿದೆ.

ಉಳಿದ ಕಡೆ ಪರಿಸ್ಥಿತಿ ಹೀಗಿಲ್ಲ. ಕೇಂದ್ರದ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ಕಾಲೇಜುಗಳು ಕಳಿಸುವ ನೆರವಿನ ಪತ್ರಗಳನ್ನು ಪರಿಶೀಲಿಸಿತು. ಅದರ ಅಂದಾಜಿನಲ್ಲಿ ಶೇ 91ರಷ್ಟು ಕಾಲೇಜುಗಳು ವಿದ್ಯಾರ್ಥಿ ಕೊನೆಗೆ ಕೈಯಿಂದ ಎಷ್ಟು ಕಟ್ಟಬೇಕು ಎಂಬುದನ್ನು ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ. ಸಾಲವನ್ನೂ ‘ನೆರವು’ ಎಂದು ಕೂಡಿಸಿ ದೊಡ್ಡ ಮೊತ್ತ ತೋರಿಸಿದರೆ ಹದಿನೆಂಟರ ಹುಡುಗಿ ಅದನ್ನು ಬಿಡಿಸಿ ನೋಡುವುದು ಹೇಗೆ?

ಹೊಸ ಕಾಯ್ದೆ ಎಲ್ಲಿ ಕೈ ಹಾಕಿದೆ

ಈಗ ಸುದ್ದಿಗೆ ಮರಳೋಣ. ಪೆಲ್ ವಿಷಯದಲ್ಲಿ ಮೂರು ಮುಖ್ಯ ಬದಲಾವಣೆ. ಕೇಂದ್ರದ್ದಲ್ಲದ ಅನುದಾನಗಳಿಂದಲೇ ಓದಿನ ಪೂರ್ತಿ ಖರ್ಚು ತುಂಬಿದ್ದರೆ ಆ ವಿದ್ಯಾರ್ಥಿಗೆ ಪೆಲ್ ಇಲ್ಲ. ಕುಟುಂಬದ ಸೂಚ್ಯಂಕ ಗರಿಷ್ಠ ಪೆಲ್‌ನ ಎರಡು ಪಟ್ಟು, ಅಂದರೆ 7,395ರ ಲೆಕ್ಕದಲ್ಲಿ 14,790 ಮುಟ್ಟಿದರೆ ಪೆಲ್ ಇಲ್ಲ. ಎಂಟರಿಂದ ಹದಿನೈದು ವಾರಗಳ ಕೆಲವು ವೃತ್ತಿ ತರಬೇತಿಗಳಿಗೂ ಇನ್ನು ಪೆಲ್ ಸಿಗುತ್ತದೆ.

ಮೊದಲ ಎರಡು ನಿಯಮ ಸುದ್ದಿಯಲ್ಲಿ ಜೋರಾಗಿ ಕೇಳಿದರೂ ಮುಟ್ಟುವುದು ಕಡಿಮೆ ಜನರನ್ನು. ಪೂರ್ತಿ ಸ್ಕಾಲರ್‌ಶಿಪ್ ಇರುವ ಕ್ರೀಡಾಪಟುಗಳಂಥವರಿಗೆ ಮೊದಲನೆಯದರ ಬಿಸಿ ತಟ್ಟುತ್ತದೆ. ಹೆಚ್ಚು ನೋವು ತರಬಹುದಾಗಿದ್ದ ಪ್ರಸ್ತಾಪ ಬೇರೆ ಇತ್ತು. ಪೂರ್ತಿ ಪೆಲ್ ಬೇಕಾದರೆ ವರ್ಷಕ್ಕೆ 24ರ ಬದಲು 30 ಕ್ರೆಡಿಟ್ ತೆಗೆದುಕೊಳ್ಳಬೇಕು ಎಂದು ಪ್ರತಿನಿಧಿ ಸಭೆಯ ಕರಡು ಹೇಳಿತ್ತು. ಕೊನೆಯ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ಕೆಲಸ ಮಾಡುತ್ತಾ ಓದುವವರಿಗೆ ಇದು ದೊಡ್ಡ ಸಮಾಧಾನ. ತರಬೇತಿಯ ಪೆಲ್ ಬಗ್ಗೆ ಎರಡು ಅಭಿಪ್ರಾಯಗಳಿವೆ. ಬೇಗ ಕೆಲಸ ಸಿಗುತ್ತದೆ ಎಂಬುದು ಒಂದು. ಅದೇ ನಿಧಿಯಿಂದ ಇನ್ನೂ ಹೆಚ್ಚು ಜನರಿಗೆ ಕೊಡಬೇಕಾಗಿ ಬಂದು ಪದವಿ ಓದುವವರ ಗರಿಷ್ಠ ಮೊತ್ತ ಏರುವುದು ಮತ್ತಷ್ಟು ತಡವಾಗಬಹುದು ಎಂಬುದು ಇನ್ನೊಂದು. ರೈತ ಕುಟುಂಬಗಳಿಗೆ ಒಂದು ಅನುಕೂಲವೂ ಆಗಿದೆ. ಮನೆಯವರೇ ನಡೆಸುವ ಹೊಲ ಮತ್ತು ಸಣ್ಣ ವ್ಯಾಪಾರದ ಬೆಲೆಯನ್ನು ಮತ್ತೆ ಆಸ್ತಿ ಲೆಕ್ಕದಿಂದ ಹೊರಗಿಟ್ಟಿದ್ದಾರೆ.

ದೂರದ ಪರಿಣಾಮ ಬರುವುದು ಪೇರೆಂಟ್ ಪ್ಲಸ್ ಮಿತಿಯಿಂದ. ಮೊದಲು ಪೋಷಕರು ಕಾಲೇಜಿನ ಪೂರ್ತಿ ಖರ್ಚಿನಷ್ಟು ಸಾಲ ಪಡೆಯಬಹುದಿತ್ತು. ತೀರಿಸುವಷ್ಟು ಆದಾಯ ಇದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. 2025-26ರಲ್ಲಿ ಈ ಸಾಲದ ಬಡ್ಡಿ ಶೇ 8.94. ನಿವೃತ್ತಿ ವಯಸ್ಸಿಗೆ ಬಂದರೂ ಸಾಲ ತೀರಿಸುತ್ತಿರುವ ತಂದೆ ತಾಯಿಗಳಿದ್ದಾರೆ. ಆದ್ದರಿಂದ ಮಿತಿ ಬೇಕು ಎನ್ನುವವರ ಮಾತು ಸರಿಯೇ. ಹೊಸ ನಿಯಮದಲ್ಲಿ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್. ಈಗಾಗಲೇ ಸಾಲ ಪಡೆದು ಓದುತ್ತಿರುವವರಿಗೆ ಗರಿಷ್ಠ ಮೂರು ವರ್ಷ ಹಳೆಯ ನಿಯಮ.

ಆದರೆ ಸಾಲದ ಬಾಗಿಲು ಕಿರಿದಾದಾಗ ಅನುದಾನದ ಬಾಗಿಲು ಅಗಲವಾಗಿಲ್ಲ. ಆ ಅಂತರ ತುಂಬಲು ಕೆಲವರು ಖಾಸಗಿ ಸಾಲಕ್ಕೆ ಹೋಗುತ್ತಾರೆ. ಅಲ್ಲಿ ಒಳ್ಳೆಯ ಆದಾಯ ಇರುವವರಿಗೆ ಕಡಿಮೆ ಬಡ್ಡಿ, ಇಲ್ಲದವರಿಗೆ ಸಾಲವೇ ಸಿಗದಿರಬಹುದು. ಇನ್ನು ಕೆಲವರು ದೂರದ ದುಬಾರಿ ಕಾಲೇಜು ಬಿಟ್ಟು ಸ್ವಂತ ರಾಜ್ಯದಲ್ಲೇ ಉಳಿಯುತ್ತಾರೆ. ಹೊರರಾಜ್ಯದವರ ಶುಲ್ಕವನ್ನೇ ನಂಬಿದ ವಿಶ್ವವಿದ್ಯಾಲಯಗಳಿಗೆ ಆಗ ಎರಡು ದಾರಿ. ಖರ್ಚು ಇಳಿಸಬೇಕು, ಇಲ್ಲವೇ ರಿಯಾಯಿತಿ ಇನ್ನೂ ಜಾಸ್ತಿ ಮಾಡಿ ಅನುಕೂಲಸ್ಥರನ್ನು ಕರೆಯಬೇಕು. ಎರಡನೆಯದನ್ನು ಆರಿಸಿದರೆ ಅಗತ್ಯ ಇರುವವರ ಪಾಲು ಮತ್ತೆ ಕುಗ್ಗುತ್ತದೆ. ಅದೇ ಕಾಯ್ದೆ ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ ಕೇಂದ್ರ ಕೊಡುವ ಹಣವನ್ನೂ ಇಳಿಸಿದೆ. ಆ ಹೊರೆ ರಾಜ್ಯಗಳ ಮೇಲೆ ಬಿದ್ದಾಗ ಕತ್ತರಿ ಮೊದಲು ಎಲ್ಲಿಗೆ ಬರುತ್ತದೆ ಎಂದು ಈಗಾಗಲೇ ನೋಡಿದೆವು.

ಒಂದು ಲೆಕ್ಕವನ್ನು ಎಲ್ಲ ಪೋಷಕರೂ ಮೊದಲ ವರ್ಷವೇ ಮಾಡಿಕೊಳ್ಳಬೇಕು. ವರ್ಷಕ್ಕೆ 20,000 ಡಾಲರ್ ಪಡೆಯುತ್ತಾ ಹೋದರೆ ಮೂರನೇ ವರ್ಷದ ಕೊನೆಗೆ 60,000 ಮುಗಿದಿರುತ್ತದೆ. ನಾಲ್ಕನೇ ವರ್ಷಕ್ಕೆ ಉಳಿಯುವುದು 5,000 ಮಾತ್ರ. ಪದವಿ ಕೈಗೆ ಬರಬೇಕಾದ ವರ್ಷದಲ್ಲೇ ಹಣ ನಿಲ್ಲುತ್ತದೆ. ಅಲ್ಲಿಗೆ ಓದು ನಿಲ್ಲಿಸಿದವರಿಗೆ ಪದವಿ ಇರುವುದಿಲ್ಲ, ಸಾಲ ಮಾತ್ರ ಇರುತ್ತದೆ. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಿಂದ ಇಂಥವರಿಗಾಗಿಯೇ ಸಣ್ಣ ಅನುದಾನ ಕೊಡುತ್ತಿದೆ. ಚಿಕ್ಕ ಬಾಕಿಗಾಗಿ ಹೆಸರು ತೆಗೆದುಹಾಕಿಸಿಕೊಳ್ಳುವ ಹಂತಕ್ಕೆ ಬಂದವರನ್ನು ಅದು ಹುಡುಕಿ, ಅವರು ಕೇಳುವ ಮೊದಲೇ ಬಾಕಿ ತುಂಬುತ್ತದೆ. 2022ರಲ್ಲಿ ಜಾರ್ಜಿಯಾ ರಾಜ್ಯವೂ ಪದವಿಯ ಶೇ 80ರಷ್ಟು ಕ್ರೆಡಿಟ್ ಮುಗಿಸಿ ಹಣವಿಲ್ಲದೆ ನಿಂತವರಿಗೆ 2,500 ಡಾಲರ್‌ವರೆಗೆ ಕೊಡುವ ಕಾನೂನು ಮಾಡಿತು. ಪೇರೆಂಟ್ ಪ್ಲಸ್ ಮಿತಿಯಡಿ ಸೇರುವ ಮೊದಲ ತಂಡ ನಾಲ್ಕನೇ ವರ್ಷಕ್ಕೆ ಬರುವುದು 2029ರಲ್ಲಿ. ಇಂಥ ನಿಧಿ ಕಟ್ಟಿಕೊಳ್ಳಲು ಉಳಿದ ರಾಜ್ಯಗಳಿಗೆ ಅಷ್ಟು ಸಮಯವಿದೆ.